ವಯಸ್ಸು ನೋಡಿದೆ, ಕುರ್ಚಿ ನೋಡಲಿಲ್ಲ

2021ರ ಆಗಸ್ಟ್‌ನಲ್ಲಿ ನಮ್ಮ ಆಫೀಸಿನ ಹನ್ನೆರಡು ಜನ ಸೇರಿ ಒಂದು ಡೈನಸ್ಟಿ ಲೀಗ್ ಶುರು ಮಾಡಿದೆವು. ಆಗ ನಾನು ಮಿನಿಯಾಪೊಲಿಸ್‌ಗೆ ಬಂದು ಆರು ವರ್ಷ ಆಗಿತ್ತು. ಅಮೆರಿಕನ್ ಫುಟ್‌ಬಾಲ್ ಅರ್ಥ ಮಾಡಿಕೊಳ್ಳದೆ ವಿಧಿಯಿರಲಿಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಮಷೀನ್ ಹತ್ತಿರ ಊರಿನ ತಂಡ ವೈಕಿಂಗ್ಸ್ ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಎಷ್ಟು ದಿನ ಅಂತ ಸುಮ್ನೆ ತಲೆ ಆಡಿಸೋದು?

ಡ್ರೀಮ್11 ಆಡಿದವರಿಗೆ ಈ ಆಟ ಅರ್ಧ ಗೊತ್ತಿರುತ್ತೆ. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಮಾಡಿದ್ದು ನಮ್ಮ ಅಂಕ. ಡೈನಸ್ಟಿಯಲ್ಲಿ ಒಂದೇ ವ್ಯತ್ಯಾಸ, ಆದರೆ ಅದು ದೊಡ್ಡದು. ಆರಿಸಿದ ಆಟಗಾರ ವರ್ಷ ಮುಗಿದ ಮೇಲೂ ನಿಮ್ಮವನೇ. ಮಾರುವವರೆಗೆ, ಕೈಬಿಡುವವರೆಗೆ, ಇಲ್ಲ ಅವನೇ ನಿವೃತ್ತಿ ಆಗುವವರೆಗೆ. ಐಪಿಎಲ್‌ನ ದೊಡ್ಡ ಹರಾಜು ಒಂದೇ ಸಲ ನಡೆದು, ಆಮೇಲೆ ಪ್ರತಿ ವರ್ಷ ಹೊಸ ಹುಡುಗರ ಹಂಚಿಕೆ ಮಾತ್ರ ನಡೆದರೆ ಹೇಗಿರುತ್ತೋ, ಹಾಗೆ.

ನಮ್ಮದು ಸೂಪರ್‌ಫ್ಲೆಕ್ಸ್ ಲೀಗ್. ಅಂದರೆ ಪ್ರತಿ ವಾರ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆಡಿಸಬಹುದು, ತಲೆ ನೆಟ್ಟಗಿರುವವರೆಲ್ಲ ಇಬ್ಬರನ್ನೇ ಆಡಿಸುತ್ತಾರೆ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರೋದೇ 32 ತಂಡ. ಚೆಂಡು ಎಸೆಯುವ ಈ ಕೆಲಸ ಒಂದು ತಂಡಕ್ಕೆ ಒಬ್ಬನದೇ. ಹನ್ನೆರಡು ಜನಕ್ಕೆ ಇಬ್ಬಿಬ್ಬರಂತೆ 24 ಹೋದರೆ ಉಳಿಯೋದು ಎಂಟು. ಅದರಲ್ಲೂ ಒಂದಿಬ್ಬರು ಗಾಯ, ಒಂದಿಬ್ಬರಿಗೆ ಆ ವಾರ ರಜೆ. ಮದುವೆ ಸೀಸನ್ನಿನಲ್ಲಿ ಅಡುಗೆ ಭಟ್ಟರನ್ನು ಹುಡುಕಿದ ಹಾಗೆ. ಇದ್ದವನಿಗೆ ಇದ್ದಷ್ಟು ಬೆಲೆ.

ಆ ಬೆಲೆ ಕಟ್ಟೋದರಲ್ಲೇ ನಾನು ಎಡವಿದ್ದು. ಒಂದು ಸಲ ಅಲ್ಲ.

ಮೊದಲ ಡ್ರಾಫ್ಟ್, ಅಂದರೆ ಸರದಿಯ ಮೇಲೆ ಆಟಗಾರರನ್ನು ಆರಿಸೋದು, ಫೋನಿನ ಆ್ಯಪ್‌ನಲ್ಲೇ ಐದು ದಿನ ನಡೆಯಿತು. ನನ್ನ ಲೆಕ್ಕ ಸರಳವಾಗಿತ್ತು. ಆಟಗಾರ ವರ್ಷಗಟ್ಟಲೆ ನನ್ನ ಹತ್ತಿರ ಇರೋದಾದರೆ ಎಳೆಯನನ್ನೇ ಹಿಡಿಯಬೇಕು ಅಲ್ವಾ? ಆ ವರ್ಷ ನಿಜವಾದ ತಂಡಗಳು ಹೊಸ ಹುಡುಗರನ್ನು ಆರಿಸುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳು ಹೋಗಿದ್ದರು. ಟ್ರೆವರ್ ಲಾರೆನ್ಸ್, ಜಾಕ್ ವಿಲ್ಸನ್, ಟ್ರೇ ಲ್ಯಾನ್ಸ್, ಜಸ್ಟಿನ್ ಫೀಲ್ಡ್ಸ್, ಮ್ಯಾಕ್ ಜೋನ್ಸ್. ಲ್ಯಾನ್ಸ್‌ಗಾಗಿ ಮೂರನೇ ಸ್ಥಾನಕ್ಕೆ ಏರಲು 49ಅರ್ಸ್ ತಂಡ ಮೂರು ಮೊದಲ ಸುತ್ತಿನ ಆಯ್ಕೆಗಳನ್ನೇ ಸುರಿದಿತ್ತು. ಅಷ್ಟು ಕೊಟ್ಟವರು ಸುಮ್ನೆ ಬಿಡ್ತಾರಾ ಅಂದುಕೊಂಡು ಎರಡನೇ ಸುತ್ತಿನಲ್ಲಿ ಲ್ಯಾನ್ಸ್‌ನನ್ನು ತಗೊಂಡೆ. ಮೂರರಲ್ಲಿ ಫೀಲ್ಡ್ಸ್, ಐದರಲ್ಲಿ ವಿಲ್ಸನ್. ನಡುವೆ ನಾಲ್ಕರಲ್ಲಿ ಜಮಾರ್ ಚೇಸ್ ಅನ್ನುವ ರಿಸೀವರ್, ಎಸೆದ ಚೆಂಡು ಹಿಡಿಯುವವನು. ಅದೊಂದು ದೇವರು ಮಾಡಿಸಿದ್ದು, ಈಗಲೂ ನನ್ನ ತಂಡ ನಿಂತಿರೋದು ಅವನ ಮೇಲೆ.

ನಮ್ಮ ಲೀಗ್‌ನಲ್ಲಿ ಅಕೌಂಟ್ಸ್ ವಿಭಾಗದ ಒಬ್ಬರು ಹಿರಿಯರಿದ್ದರು. ಐವತ್ತೆಂಟು ವಯಸ್ಸು, ಬಿಳಿ ಮೀಸೆ. ನಾನು ಮನಸ್ಸಿನಲ್ಲೇ ತಾತ ಅಂತ ಹೆಸರಿಟ್ಟಿದ್ದೆ. ತಾತ ಆರನೇ ಸುತ್ತಿನವರೆಗೆ ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಸಾಲಾಗಿ ಮ್ಯಾಥ್ಯೂ ಸ್ಟಾಫರ್ಡ್, ಟಾಮ್ ಬ್ರೇಡಿ, ಕರ್ಕ್ ಕಸಿನ್ಸ್ ಮೂವರನ್ನೂ ಬಾಚಿಕೊಂಡರು. ಬ್ರೇಡಿಗೆ ಆ ತಿಂಗಳೇ 44 ತುಂಬಿತ್ತು. ನಾನು ಗ್ರೂಪ್‌ನಲ್ಲಿ ಒಂದು ವೀಲ್‌ಚೇರ್ ಚಿತ್ರ ಹಾಕಿದೆ. ಎಲ್ಲರೂ ನಕ್ಕರು. ತಾತ ಹೆಬ್ಬೆರಳು ಎತ್ತಿದರು, ಅಷ್ಟೇ.

ಆ ವರ್ಷ ಬ್ರೇಡಿ 5,316 ಯಾರ್ಡ್ ಎಸೆದ, 43 ಟಚ್‌ಡೌನ್, ಅಂದರೆ ಎದುರಾಳಿಯ ಕೊನೇ ಗೆರೆ ದಾಟಿಸಿದ ಎಸೆತಗಳು. ಎರಡರಲ್ಲೂ ಎನ್‌ಎಫ್‌ಎಲ್‌ಗೇ ಮೊದಲಿಗ. ಸ್ಟಾಫರ್ಡ್ 41 ಟಚ್‌ಡೌನ್ ಎಸೆದು ತನ್ನ ತಂಡ ರಾಮ್ಸ್‌ಗೆ ಎನ್‌ಎಫ್‌ಎಲ್‌ನ ಫೈನಲ್ ಸೂಪರ್ ಬೌಲ್ ಗೆದ್ದುಕೊಟ್ಟ. ನನ್ನ ಲ್ಯಾನ್ಸ್ ಇಡೀ ವರ್ಷದಲ್ಲಿ ಶುರುವಿನಿಂದ ಆಡಿದ್ದು ಎರಡೇ ಪಂದ್ಯ. ವಿಲ್ಸನ್ ಒಂಬತ್ತು ಟಚ್‌ಡೌನ್ ಎಸೆದು, ಹನ್ನೊಂದು ಸಲ ಚೆಂಡನ್ನು ಎದುರಾಳಿ ಕೈಗೇ ಇಟ್ಟ. ಕಪ್ ತಾತನ ಮನೆಗೆ ಹೋಯಿತು. ನಾನು ಹನ್ನೊಂದನೆಯವನು.

ಬೇಜಾರಾಗಲಿಲ್ಲ ಅಂದರೆ ನಂಬಿ. ಡೈನಸ್ಟಿಯಲ್ಲಿ ಸೋಲಿಗೂ ಒಂದು ಸಮಾಧಾನ ಸಿದ್ಧವಾಗಿರುತ್ತೆ. ‘ನಾನು ಭವಿಷ್ಯಕ್ಕೆ ಕಟ್ತಿದ್ದೀನಿ.’ ಈ ಮಾತು ಹೇಳಿಕೊಂಡು ಎಷ್ಟು ವರ್ಷ ಬೇಕಾದರೂ ಸೋಲಬಹುದು.

2022ರ ಫೆಬ್ರುವರಿ 1ಕ್ಕೆ ಬ್ರೇಡಿ ನಿವೃತ್ತಿ ಘೋಷಿಸಿದ. ನಾನು ತಾತನಿಗೆ ಕೈಮುಗಿಯುವ ಚಿಹ್ನೆ ಕಳಿಸಿದೆ. ನಲವತ್ತು ದಿನ ಕಳೆದ ಮೇಲೆ ಬ್ರೇಡಿ ವಾಪಸ್ ಬಂದ! ತಾತ ಅದೇ ಚಿಹ್ನೆಯನ್ನು ನನಗೆ ತಿರುಗಿಸಿ ಕಳಿಸಿದರು.

ಆ ಬೇಸಿಗೆಯಲ್ಲೇ ತಾತನಿಂದ ಒಂದು ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ಪ್ರಸ್ತಾಪ ಬಂತು. ನಾನು ಲ್ಯಾನ್ಸ್‌ನನ್ನು ಕೊಡಬೇಕು. ಅವರು ಕರ್ಕ್ ಕಸಿನ್ಸ್ ಜೊತೆಗೆ ನಮ್ಮ ಹೊಸ ಹುಡುಗರ ಹಂಚಿಕೆಯಲ್ಲಿ ಒಂದು ಮೊದಲ ಸುತ್ತಿನ ಆಯ್ಕೆ ಕೊಡುತ್ತಾರೆ. ಪರದೆಯನ್ನು ನೋಡುತ್ತಾ ಕೂತೆ. ಒಂದು ಕಡೆ 22 ವರ್ಷದ ಹುಡುಗ, ಇನ್ನೊಂದು ಕಡೆ 34ಕ್ಕೆ ಕಾಲಿಡುತ್ತಿರುವವ. ಕೀಪ್‌ಟ್ರೇಡ್‌ಕಟ್ ಅಂತ ಒಂದು ಜಾಲತಾಣ ಇದೆ. ಮೂವರು ಆಟಗಾರರ ಹೆಸರು ತೋರಿಸಿ ಯಾರನ್ನು ಇಟ್ಟುಕೊಳ್ತೀರಿ, ಯಾರನ್ನು ಮಾರ್ತೀರಿ, ಯಾರನ್ನು ಬಿಡ್ತೀರಿ ಅಂತ ಬಂದವರನ್ನೆಲ್ಲ ಕೇಳಿ, ಆ ಉತ್ತರಗಳಿಂದ ಬೆಲೆ ಕಟ್ಟುತ್ತಾರೆ. ಅಲ್ಲಿ ಲ್ಯಾನ್ಸ್ ಎಲ್ಲೋ ಮೇಲಿದ್ದ, ಕಸಿನ್ಸ್ ಎಲ್ಲೋ ಕೆಳಗೆ. ಆ ಬೆಲೆ ಸಂತೆಯಲ್ಲಿ ಜನ ಕೂಗುವ ಬೆಲೆ, ಅಂಕಗಳ ಬೆಲೆ ಅಲ್ಲ ಅಂತ ನನಗೆ ಹೊಳೆಯಲಿಲ್ಲ. ಬೇಡ ಅಂತ ಒತ್ತಿದೆ. ಕಾರಣವನ್ನೂ ಬರೆದೆ: ‘ಇವನು ಇನ್ನೂ ಹತ್ತು ವರ್ಷ ಆಡ್ತಾನೆ.’

ಸೀಸನ್ನಿನ ಎರಡನೇ ವಾರ ಲ್ಯಾನ್ಸ್‌ನ ಕಣಕಾಲು ಮುರಿಯಿತು. ವರ್ಷ ಮುಗಿಯುವ ಹೊತ್ತಿಗೆ ಅವನ ಜಾಗದಲ್ಲಿ ಬ್ರಾಕ್ ಪರ್ಡಿ ಕೂತಿದ್ದ. ಆ ಸಲದ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯವನು. ಕಸಿನ್ಸ್ ಆ ವರ್ಷ 4,547 ಯಾರ್ಡ್, 29 ಟಚ್‌ಡೌನ್. 2023ರ ಆಗಸ್ಟ್‌ನಲ್ಲಿ 49ಅರ್ಸ್ ಲ್ಯಾನ್ಸ್‌ನನ್ನು ಡಲ್ಲಾಸ್‌ಗೆ ಮಾರಿತು. ಮೂರು ಮೊದಲ ಸುತ್ತು ಕೊಟ್ಟು ತಂದವನಿಗೆ ವಾಪಸ್ ಬಂದದ್ದು ಒಂದು ನಾಲ್ಕನೇ ಸುತ್ತು.

ಊಟದ ಹೊತ್ತಿನಲ್ಲಿ ತಾತನ ಎದುರು ಹೋಗಿ ಕೂತೆ. ಅವರು ನಗಲಿಲ್ಲ. ‘ಹತ್ತು ವರ್ಷ ಆಡ್ತಾನೆ ಅಂತ ಬರೆದಿದ್ದೆ’ ಅಂದರು. ‘ಅವನು ಹತ್ತು ವರ್ಷ ಆಡ್ತಾನಾ ಅಂತ ನಾನು ಕೇಳಲೇ ಇಲ್ಲ. ಬರೋ ಭಾನುವಾರ ಆಡ್ತಾನಾ ಅಂತ ಕೇಳಿದ್ದೆ.’

ನಮ್ಮ ಕಡೆ ಇದಕ್ಕೆ ಸರಿಯಾದ ಮಾತಿದೆ. ನಮ್ಮದು ಮಲೆನಾಡು, ಮನೆಯಲ್ಲಿ ಅಡಿಕೆ ತೋಟ. ಮರದ ಮೇಲಿರುವ ಆ ವರ್ಷದ ಫಸಲನ್ನು ಚೇಣಿಗೆ ಕೊಡುತ್ತಾರೆ. ಚೇಣಿ ತಗೊಂಡವನಿಗೆ ತೋಟ ಬೇಡ, ಮರದ ವಯಸ್ಸು ಬೇಡ, ಗೊನೆಯಲ್ಲಿ ಎಷ್ಟು ಕಾಯಿದೆ ಅನ್ನೋದಷ್ಟೇ ಬೇಕು. ತಾತ ಮಾಡ್ತಿದ್ದದ್ದು ಚೇಣಿ. ನಾನು ಸಸಿ ನೆಟ್ಟು ನೀರು ಹಾಕ್ತಾ ಕೂತಿದ್ದೆ, ಅದೂ ಬೇರೆಯವರ ಜಮೀನಿನಲ್ಲಿ. ಸಸಿ ಕಿತ್ತು ಬಿಸಾಡೋ ಅಧಿಕಾರ ನನ್ನದಲ್ಲ, ಆ ತಂಡದ ಮಾಲೀಕರದ್ದು.

ಬುದ್ಧಿ ಬಂತು ಅಂದುಕೊಂಡೆ. ಬಂದ ಬುದ್ಧಿ ಜಾಸ್ತಿಯಾಯಿತು. ಇನ್ನು ಮೇಲೆ ಹಳಬರೇ ಸೈ ಅಂತ ಆರನ್ ರಾಜರ್ಸ್‌ಗೆ ಬಲೆ ಬೀಸಿದೆ. ನಾಲ್ಕು ಸಲ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ), 39 ವಯಸ್ಸು, ಆಗಷ್ಟೇ ಗ್ರೀನ್ ಬೇ ಪ್ಯಾಕರ್ಸ್ ಬಿಟ್ಟು ಜೆಟ್ಸ್ ತಂಡಕ್ಕೆ ಬಂದಿದ್ದ. ಅವನು ಇದ್ದದ್ದು ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗಿಯ ತಂಡದಲ್ಲಿ. ವಿಸ್ಕಾನ್ಸಿನ್‌ನವಳು, ಪ್ಯಾಕರ್ಸ್ ಭಕ್ತೆ. ಬಿಟ್ಟು ಹೋದವನ ಮುಖ ನೋಡಲ್ಲ ಅನ್ನುವ ಸಿಟ್ಟಿನಲ್ಲಿದ್ದಳು. ಆದರೂ ವ್ಯಾಪಾರದಲ್ಲಿ ಸಿಟ್ಟು ಬೆರೆಸಲಿಲ್ಲ. ‘ನಿನ್ನ 2024ರ ಮೊದಲ ಸುತ್ತು ಕೊಡು’ ಅಂದಳು. ಕೊಟ್ಟೆ. ರಾಜರ್ಸ್ ಬಂದ ಮೇಲೆ ನಾನು ಗೆಲ್ಲೋನು, ಗೆದ್ದವನ ಆಯ್ಕೆ ಹನ್ನೆರಡನೆಯದು, ಅದಕ್ಕೇನು ಮಹಾ ಬೆಲೆ?

ಇಲ್ಲೇ ಒಂದು ಗುಂಡಿ ಇದೆ. ಅದನ್ನು ನನಗೆ ಯಾರೂ ತೋರಿಸಿರಲಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಹೊಸ ಹುಡುಗರ ಹಂಚಿಕೆಯಲ್ಲಿ ಸೋತವನಿಗೆ ಮೊದಲ ಸರದಿ. ಹಾಗಾಗಿ ನಾನು ಕೊಟ್ಟ ಆಯ್ಕೆಯ ಬೆಲೆ ನಾನು ಎಷ್ಟನೇ ಸ್ಥಾನಕ್ಕೆ ಬರ್ತೀನಿ ಅನ್ನೋದರ ಮೇಲೆ ನಿಂತಿದೆ. ನಾನು ಎಷ್ಟನೇ ಸ್ಥಾನಕ್ಕೆ ಬರ್ತೀನಿ ಅನ್ನೋದು ರಾಜರ್ಸ್‌ನ ಕಾಲಿನ ಮೇಲೆ ನಿಂತಿದೆ. ಅವನು ಬಿದ್ದರೆ ನಾನು ಕಳಕೊಳ್ಳೋದು ಅವನೊಬ್ಬನನ್ನಲ್ಲ, ಕೊಟ್ಟ ಆಯ್ಕೆಯೂ ಅದೇ ಕ್ಷಣ ದುಬಾರಿಯಾಗುತ್ತೆ. ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಿ ಬಾವಿಗೆ ಇಳಿಸಿದ ಹಾಗೆ.

2023ರ ಸೆಪ್ಟೆಂಬರ್ 11, ಸೋಮವಾರ. ನಮ್ಮಲ್ಲಿ ಸಂಜೆ ಏಳೂಕಾಲಕ್ಕೆ ಆಟ ಶುರು. ರಾಜರ್ಸ್ ಅಮೆರಿಕದ ಬಾವುಟ ಹಿಡಿದು ಓಡುತ್ತಾ ಮೈದಾನಕ್ಕೆ ಬಂದ. ನಾನು ಒಲೆ ಮೇಲೆ ಸಾರು ಇಟ್ಟಿದ್ದೆ. ಜೆಟ್ಸ್ ಸರದಿ ಬರುತ್ತಿದ್ದಂತೆ, ಬೇಗ ಒಗ್ಗರಣೆ ಹಾಕಿ ಬರ್ತೀನಿ ಅಂತ ಎದ್ದೆ. ಸಾಸಿವೆ ಸಿಡಿಯಿತು, ಇಂಗು ಹಾಕಿದೆ, ಕರಿಬೇವು ಹಾಕಿದೆ. ವಾಪಸ್ ಬಂದರೆ ರಾಜರ್ಸ್ ಹುಲ್ಲಿನ ಮೇಲೆ ಕೂತಿದ್ದ. ಎದ್ದು ನಿಂತ, ಮತ್ತೆ ಕೂತ.

‘ರೀ, ಯಾಕೆ ಹಾಗೆ ನಿಂತಿದ್ದೀರಿ? ಯಾರಿಗೇನಾಯ್ತು?’ ಅಂತ ಇವಳು ಕೋಣೆಯಿಂದ ಓಡಿ ಬಂದಳು. ಊರಿಂದ ಏನೋ ಸುದ್ದಿ ಬಂತು ಅಂದುಕೊಂಡಿದ್ದಳು ಪಾಪ. ನಾನು ಟೀವಿ ಕಡೆ ಕೈ ತೋರಿಸಿದೆ. ಅವಳು ನೋಡಿದಳು, ಸೌಟು ಇಸಕೊಂಡು ಹೋದಳು.

ನಾಲ್ಕೇ ನಾಲ್ಕು ಸ್ನ್ಯಾಪ್, ಅಂದರೆ ಚೆಂಡು ಆಟಕ್ಕೆ ಬಂದದ್ದು ನಾಲ್ಕೇ ಸಲ. ಎಡಗಾಲಿನ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಒಂದು ಎಸೆತ, ಅದೂ ಯಾರ ಕೈಗೂ ಸಿಗಲಿಲ್ಲ. ನನ್ನ ಖಾತೆಗೆ ಇಡೀ ವರ್ಷಕ್ಕೆ ಸೊನ್ನೆ. ಅವನ ಬದಲು ಇಳಿದವನು ಯಾರು ಗೊತ್ತಾ? ಜಾಕ್ ವಿಲ್ಸನ್. ಎರಡು ವರ್ಷ ಸಾಕಿ, ಆ ಬೇಸಿಗೆಯಲ್ಲಷ್ಟೇ ನಾನು ಕೈಬಿಟ್ಟಿದ್ದ ಅದೇ ವಿಲ್ಸನ್. ಜೆಟ್ಸ್ ಗೆದ್ದೂ ಬಿಟ್ಟಿತು!

ಮರುದಿನವೇ ಒಂದು ಎರಡನೇ ಸುತ್ತಿನ ಆಯ್ಕೆ ಕೊಟ್ಟು ಜೀನೋ ಸ್ಮಿತ್‌ನನ್ನು ತಂದೆ. 2013ರಲ್ಲಿ ಡ್ರಾಫ್ಟ್ ಆಗಿ, ವರ್ಷಗಟ್ಟಲೆ ಬೆಂಚು ಕಾದು, 2022ರಲ್ಲಿ ಸಿಯಾಟಲ್‌ನಲ್ಲಿ 30 ಟಚ್‌ಡೌನ್ ಎಸೆದು ಎಲ್ಲರ ಬಾಯಿ ಮುಚ್ಚಿಸಿದವನು. ಆದರೆ ಒಬ್ಬ ಜೀನೋನಿಂದ ಏನಾಗುತ್ತೆ? ಫೀಲ್ಡ್ಸ್ ಹಿಂದಿನ ವರ್ಷ ಓಡಿಯೇ 1,143 ಯಾರ್ಡ್ ಗಳಿಸಿದ್ದವನು, ಈ ಸಲ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡು ಕೂತ. ನಾನು ಮತ್ತೆ ಹನ್ನೊಂದನೇ ಸ್ಥಾನ. ಹಾಗಾಗಿ ನಾನು ಕೊಟ್ಟಿದ್ದ ಆಯ್ಕೆ ಎರಡನೆಯದಾಗಿ ಹೋಯಿತು. ಟೆಸ್ಟಿಂಗ್ ಹುಡುಗಿ ಅದರಲ್ಲಿ ಜೇಡನ್ ಡ್ಯಾನಿಯಲ್ಸ್‌ನನ್ನು ತಗೊಂಡಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ 2023ರ ಅಕ್ಟೋಬರ್ 29ಕ್ಕೆ ನಮ್ಮ ವೈಕಿಂಗ್ಸ್‌ನ ಕಸಿನ್ಸ್‌ನ ಅಕಿಲೀಸ್ ಕೂಡ ಹರಿಯಿತು, ಗ್ರೀನ್ ಬೇಯಲ್ಲಿ. ಸೋಮವಾರ ಆಫೀಸಿನಲ್ಲಿ ಸೂತಕದ ವಾತಾವರಣ. ತಾತ ಮಾತ್ರ ‘ನನಗೆ ಅವನ ಸಾಲ ತೀರಿದೆ’ ಅಂದರು.

ಎಳೆಯನೂ ಕೈಕೊಟ್ಟ, ಹಳಬನೂ ಕೈಕೊಟ್ಟ. ಹಾಗಾದರೆ ನೋಡಬೇಕಾದ್ದು ಏನು? ಉತ್ತರ ನಮ್ಮೂರ ತಂಡದಲ್ಲೇ ಸಿಕ್ಕಿತು. 2024ರ ಮಾರ್ಚ್‌ನಲ್ಲಿ ಕಸಿನ್ಸ್ ವೈಕಿಂಗ್ಸ್ ಬಿಟ್ಟು ಅಟ್ಲಾಂಟಾಗೆ ಹೋದ. ನಾಲ್ಕು ವರ್ಷ, 180 ಮಿಲಿಯನ್ ಡಾಲರ್. ಇನ್ನೇನು, ಕುರ್ಚಿ ಭದ್ರ ಅಂತ ಎಲ್ಲರೂ ಅಂದುಕೊಂಡೆವು. ಏಪ್ರಿಲ್‌ನಲ್ಲಿ ಅದೇ ಅಟ್ಲಾಂಟಾ ಎಂಟನೇ ಆಯ್ಕೆಯಲ್ಲಿ ಮೈಕಲ್ ಪೆನಿಕ್ಸ್‌ನನ್ನು ತಂದು ಹಿಂದೆ ನಿಲ್ಲಿಸಿತು. ಇತ್ತ ವೈಕಿಂಗ್ಸ್ ಸ್ಯಾಮ್ ಡಾರ್ನಾಲ್ಡ್‌ಗೆ ಒಂದೇ ವರ್ಷಕ್ಕೆ 10 ಮಿಲಿಯನ್ ಕೊಟ್ಟು, ಹತ್ತನೇ ಆಯ್ಕೆಯಲ್ಲಿ ಜೆ.ಜೆ. ಮೆಕಾರ್ಥಿಯನ್ನು ತಂದಿತು. ಕರ್ನಾಟಕದ ರಾಜಕೀಯ ನೋಡಿ ಬೆಳೆದವನಿಗೆ ಇದು ಅರ್ಥವಾಗಲು ಇಷ್ಟು ದಿನ ಬೇಕಿತ್ತಾ? ಕುರ್ಚಿ ಮೇಲೆ ಕೂತವನ ವಯಸ್ಸಲ್ಲ, ಹಿಂದೆ ಟವೆಲ್ ಹಾಕಿಕೊಂಡು ನಿಂತವನು ಯಾರು ಅಂತ ನೋಡಬೇಕು.

ಆ ಬೇಸಿಗೆ ಒಂದು ಹಳೇ ಡೈರಿಯಲ್ಲಿ 32 ಹೆಸರು ಬರೆದೆ. ವಯಸ್ಸಿನ ಕಾಲಂ ಬಿಟ್ಟುಬಿಟ್ಟೆ. ಬರೋ ವರ್ಷದ ಸಂಬಳ ಗ್ಯಾರಂಟಿ ಇದೆಯಾ? ಬೆಂಚಿನಲ್ಲಿ ಯಾರಿದ್ದಾರೆ? ಇವನನ್ನು ಆರಿಸಿ ತಂದ ಕೋಚ್, ಮ್ಯಾನೇಜರ್ ಇನ್ನೂ ಇದ್ದಾರಾ? ಈ ಕೊನೇ ಪ್ರಶ್ನೆ ಮೊದಲೇ ಕೇಳಿದ್ದರೆ ಫೀಲ್ಡ್ಸ್ ವಿಷಯದಲ್ಲಿ ಒಂದು ವರ್ಷ ಉಳಿಯುತ್ತಿತ್ತು. ಶಿಕಾಗೊದಲ್ಲಿ ಅವನನ್ನು ಆರಿಸಿದ ಕೋಚ್, ಮ್ಯಾನೇಜರ್ ಇಬ್ಬರನ್ನೂ 2022ರ ಜನವರಿಯಲ್ಲೇ ಮನೆಗೆ ಕಳಿಸಿದ್ದರು. ಬಂದ ಹೊಸಬರಿಗೆ ಅವನು ಮಲಮಗ. 2024ರಲ್ಲಿ ಅವರಿಗೆ ಮೊದಲ ಆಯ್ಕೆ ಸಿಕ್ಕಿತು, ಕೇಲೆಬ್ ವಿಲಿಯಮ್ಸ್ ಬರೋದು ಖಾತ್ರಿಯಾಯಿತು. ಫೀಲ್ಡ್ಸ್ ಒಂದು ಆರನೇ ಸುತ್ತಿನ ಆಯ್ಕೆಗೆ ಪಿಟ್ಸ್‌ಬರ್ಗ್ ಬಸ್ ಹತ್ತಿದ. ಮೊದಲ ಸುತ್ತಿನ ಹುಡುಗರ ಒಪ್ಪಂದ ನಾಲ್ಕು ವರ್ಷ, ಐದನೆಯದು ತಂಡದ ಇಷ್ಟ. ಆದರೆ ತಂಡಗಳ ತಾಳ್ಮೆ ಅಷ್ಟು ದೂರ ಹೋಗೋದೇ ಇಲ್ಲ. ನಾವು ಹತ್ತು ವರ್ಷದ ಬೆಲೆ ಕೊಟ್ಟು ತಗೊಳ್ಳೋದು ಇಂಥವರನ್ನೇ.

ಕಾಲ ನೋಡೋದನ್ನೂ ಕಲಿತೆ. ಹಳಬರ ಬೆಲೆ ಜನವರಿಯಿಂದ ಆಗಸ್ಟ್‌ವರೆಗೆ ಇಳಿಯುತ್ತಾ ಹೋಗುತ್ತೆ. ಆಟವೇ ಇಲ್ಲದಾಗ ಎಲ್ಲರೂ ಕನಸಿನ ವ್ಯಾಪಾರಿಗಳು, ಏಪ್ರಿಲ್‌ನಲ್ಲಿ ಹೊಸ ಹುಡುಗರ ಹೆಸರು ಕೇಳಿದರೆ ಸಾಕು. ಸೆಪ್ಟೆಂಬರ್ ಬಂದು ಒಬ್ಬಿಬ್ಬರ ಕಾಲು ಮುರಿದಾಗ ಅದೇ ಹಳಬನಿಗೆ ಎರಡರಷ್ಟು ಕೇಳುತ್ತಾರೆ. ಜೀನೋಗೆ ನಾನು ಕೊಟ್ಟದ್ದು ಆ ಸೆಪ್ಟೆಂಬರ್ ಬೆಲೆಯನ್ನೇ. ಜುಲೈನಲ್ಲಿ ಮೂರನೇ ಸುತ್ತಿಗೆ ಸಿಗುತ್ತಿದ್ದ.

ಆಗಸ್ಟ್‌ನಲ್ಲಿ ಮೆಕಾರ್ಥಿಯ ಮಂಡಿಗೆ ಪೆಟ್ಟಾಗಿ ಇಡೀ ವರ್ಷ ಹೊರಗೆ ಅಂತ ಸುದ್ದಿ ಬಂತು. ನಾನು ಪಾರ್ಕಿಂಗ್ ಲಾಟ್‌ನಲ್ಲೇ ನಿಂತು ಡಾರ್ನಾಲ್ಡ್‌ಗೆ ಮೂರನೇ ಸುತ್ತಿನ ಆಯ್ಕೆ ಕಳಿಸಿದೆ. ಅವನ ಹಿಂದೆ ಈಗ ಯಾರೂ ಇಲ್ಲ. ಒಂದು ವರ್ಷಕ್ಕಂತೂ ಕುರ್ಚಿ ಖಾಯಂ. ಹತ್ತು ನಿಮಿಷದಲ್ಲಿ ಒಪ್ಪಿಗೆ ಬಂತು. 2018ರಲ್ಲಿ ಮೂರನೆಯವನಾಗಿ ಆಯ್ಕೆಯಾಗಿ ಊರೂರು ಅಲೆದಿದ್ದವನು ಆ ವರ್ಷ 35 ಟಚ್‌ಡೌನ್ ಎಸೆದ. ವೈಕಿಂಗ್ಸ್ ಹದಿನೇಳರಲ್ಲಿ ಹದಿನಾಲ್ಕು ಗೆದ್ದಿತು. ಚೇಸ್ ಒಬ್ಬನೇ 1,708 ಯಾರ್ಡ್. ನಾನು ಮೊದಲ ಸಲ ಫೈನಲ್‌ಗೆ ಬಂದೆ.

ಎದುರಾಳಿ ಟೆಸ್ಟಿಂಗ್ ಹುಡುಗಿ.

ನಮ್ಮ ಫೈನಲ್ 17ನೇ ವಾರ. ಗುರುವಾರ ರಾತ್ರಿ ಜೀನೋ ಶಿಕಾಗೊದಲ್ಲಿ ಆಡಿದ. ಸಿಯಾಟಲ್ 6–3ಕ್ಕೆ ಗೆದ್ದಿತು. ಸ್ಕೋರೇ ಹೇಳುತ್ತೆ ಆಟ ಹೇಗಿತ್ತು ಅಂತ. ಜೀನೋ 160 ಯಾರ್ಡ್, ಟಚ್‌ಡೌನ್ ಇಲ್ಲ. ಸುಮಾರು ಆರು ಅಂಕ. ಭಾನುವಾರ ಮಧ್ಯಾಹ್ನ ಡಾರ್ನಾಲ್ಡ್ ಪ್ಯಾಕರ್ಸ್ ಮೇಲೆ 377 ಯಾರ್ಡ್, ಮೂರು ಟಚ್‌ಡೌನ್. ಕತ್ತಲಾಗುವ ಹೊತ್ತಿಗೆ ನಾನು ಮುಂದಿದ್ದೆ. ಅವಳಿಗೆ ಉಳಿದಿದ್ದು ಒಬ್ಬನೇ, ರಾತ್ರಿ ಆಟದ ಡ್ಯಾನಿಯಲ್ಸ್.

ಲೆಕ್ಕ ನೋಡಿ. ನಮ್ಮಲ್ಲಿ ಎಸೆದರೆ 25 ಯಾರ್ಡ್‌ಗೆ ಒಂದು ಅಂಕ, ಓಡಿದರೆ ಹತ್ತಕ್ಕೇ ಒಂದು. ಡ್ಯಾನಿಯಲ್ಸ್ ಅವತ್ತು ಎಸೆದದ್ದು 227 ಯಾರ್ಡ್, ಒಂಬತ್ತು ಅಂಕ. ಓಡಿದ್ದು 127, ಹನ್ನೆರಡು ಚಿಲ್ಲರೆ. ಕೈಗಿಂತ ಕಾಲು ಜಾಸ್ತಿ ದುಡಿಯಿತು. ಹಳಬರನ್ನು ಅಗ್ಗಕ್ಕೆ ತಗೊಳ್ಳೋ ನನ್ನ ಹೊಸ ವಿದ್ಯೆಯಲ್ಲಿ ಇದಕ್ಕೆ ಮದ್ದಿಲ್ಲ. ಕಾಲಿಗೆ ದುಡ್ಡು ಕೊಡಲೇಬೇಕು, ಕಾಲು ಇರೋದು ಎಳೆಯರಿಗೇ. ಆದರೂ ಆಟ ಮುಗಿಯುವ ಹೊತ್ತಿಗೆ ನಾನು ಕೂದಲೆಳೆಯಷ್ಟು ಮುಂದೆಯೇ ಇದ್ದೆ. ಆದರೆ ಸ್ಕೋರ್ ಸಮವಾಗಿ ಓವರ್‌ಟೈಮ್‌ಗೆ ಹೋಯಿತು. ಅಲ್ಲಿ ಅವನು ಜಾಕ್ ಅರ್ಟ್ಜ್‌ಗೆ ಮೂರನೇ ಟಚ್‌ಡೌನ್ ಎಸೆದ. ನಾನು ಮೂರು ಚಿಲ್ಲರೆ ಅಂಕಗಳಿಂದ ಸೋತೆ. ರಾಜರ್ಸ್‌ಗಾಗಿ ನಾನೇ ಕೈಯಾರೆ ಕೊಟ್ಟ ಆಯ್ಕೆಗೆ ಸೋತೆ.

ಆ ರಾತ್ರಿ ಎದುರು ತಂಡ ಅಟ್ಲಾಂಟಾ. ಚೆಂಡು ಎಸೆಯುತ್ತಿದ್ದವನು ಪೆನಿಕ್ಸ್. ಹನ್ನೆರಡು ದಿನದ ಹಿಂದಷ್ಟೇ ಕಸಿನ್ಸ್‌ನನ್ನು ಬೆಂಚಿಗೆ ಕಳಿಸಿದ್ದರು.

ಟೀವಿ ಆರಿಸಿ ಫೋನ್ ನೋಡಿದೆ. ತಾತನಿಂದ ಒಂದು ಟ್ರೇಡ್ ಬಂದಿತ್ತು. ಅವರು ಆ ವರ್ಷ ಹತ್ತನೇ ಸ್ಥಾನ, ಬ್ರೇಡಿ ಹೋಗಿ ಎರಡು ವರ್ಷವಾಗಿತ್ತು. ಇನ್ನಾದರೂ ಎಳೆಯರನ್ನು ತಗೊಳ್ಳಿ ಅಂದರೆ ‘ಅವರು ಬೆಳೆಯೋ ತನಕ ನಾನಿರಬೇಕಲ್ಲ’ ಅಂತಿದ್ದರು. ಕಸಿನ್ಸ್‌ನನ್ನು ಕೊಡ್ತಾರಂತೆ, ನನ್ನ ಮೂರನೇ ಸುತ್ತು ಬೇಕಂತೆ. ಡೈರಿ ತೆಗೆದೆ. 2025ಕ್ಕೆ 27.5 ಮಿಲಿಯನ್ ಸಂಬಳ ಗ್ಯಾರಂಟಿ ಅಂತ ಬರೆದಿತ್ತು. ಅಷ್ಟು ಕೊಟ್ಟು ಬೆಂಚಿನಲ್ಲಿ ಕೂರಿಸಿದ್ದಾರೆ ಅಂದರೆ ಆ ಊರಿನ ಕುರ್ಚಿ ಇವನದಲ್ಲ. ಬೇರೆ ಯಾವ ಊರಿನ ಕುರ್ಚಿ ಖಾಲಿಯಾಗುತ್ತೋ ಯಾರಿಗೆ ಗೊತ್ತು.

‘ನಾಲ್ಕನೇ ಸುತ್ತಾದರೆ ನೋಡೋಣ’ ಅಂತ ಬರೆದೆ.

ಎರಡು ನಿಮಿಷಕ್ಕೆ ಫೋನ್ ನಡುಗಿತು. ತಾತ ಹೆಬ್ಬೆರಳು ಎತ್ತಿದ್ದರು.